ಕಸ್ತೂರಬಾಯಿಯ ಷರತ್ತು

ಸೊಲ್ಲಾಪುರದಲ್ಲಿ ಕಾಳುಕಡಿಯ ದೊಡ್ಡ ವ್ಯಾಪಾರವಿದ್ದ ಮನೆತನದ ಹಿರಿಸೊಸೆ ಕಸ್ತೂರಬಾಯಿ. ಮೈಂದರ್ಗಿಯ ಮಗಳು; ಅಲ್ಲಿನ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಯುವಷ್ಟರಲ್ಲಿ ಮದುವೆಯಾಗಿತ್ತು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಗೋದಾಮುಗಳ ಬಾಡಿಗೆ ಅವಳ ಕೈಗೆ ಬಂತು. ಅದನ್ನೇನು ಮಾಡಬೇಕೆಂಬುದನ್ನು ಮೈದುನ ಮಲಕಾಜಪ್ಪ ಅವಳನ್ನು ಕೇಳದೆಯೇ ತೀರ್ಮಾನಿಸಿದ್ದ. ಅಕ್ಕಲಕೋಟೆಯಲ್ಲಿ ಅಣ್ಣನ ಹೆಸರಿನ ಒಂದು ಯಾತ್ರಿನಿವಾಸ ಏಳಬೇಕು. ಜಾಗವನ್ನೂ ನೋಡಿ ಬಂದಿದ್ದ. ಕಸ್ತೂರಬಾಯಿ ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ.

ಎಪ್ಪತ್ತೆರಡರ ಬರದಲ್ಲಿ ಅವಳು ಹತ್ತಿರದ ಹಳ್ಳಿ ಬೋರಾಮಣಿಗೆ ನೆಂಟರನ್ನು ಮಾತಾಡಿಸಲು ಹೋಗಿದ್ದಳು. ಊರ ಸುತ್ತಲಿನ ಬಾವಿಗಳೆಲ್ಲ ತಳ ಕಂಡಿದ್ದವು. ಆದರೆ ಯಾರೂ ಉಳದೆ ಬಿಟ್ಟ ಹುಲ್ಲುಮಾಳದ ಕೆಳಗಿದ್ದ ಬಾವಿಯಲ್ಲಿ ಮಾತ್ರ ಹೆಂಗಸರು ಇನ್ನೂ ಕೊಡ ಮುಳುಗಿಸುತ್ತಿದ್ದರು. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಸೊಲ್ಲಾಪುರಕ್ಕೆ ಮರಳಿದವಳೇ ಅಟ್ಟದ ಮೇಲೆ ಬಾಡಿಗೆಗಿದ್ದ ಗೋಪಿಕಾಳನ್ನು ಹಿಡಿದು ಆ ಬಾವಿಯೊಂದೇ ಯಾಕೆ ಬತ್ತಲಿಲ್ಲವೆಂದು ಕೇಳಿದಳು. ಗೋಪಿಕಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಹುಲ್ಲಿನ ವಿಷಯ ತಾನು ಹೇಳಬಲ್ಲೆ, ಕೆಳಗಿನ ಕಲ್ಲು ಮಣ್ಣಿನದನ್ನು ಭೂಗರ್ಭಶಾಸ್ತ್ರದ ಪಂಢರಿನಾಥನನ್ನೇ ಕೇಳಬೇಕು, ಆ ಮಾಳ ಉಳದೆ ಯಾಕೆ ಉಳಿಯಿತು ಎಂಬುದನ್ನು ಅರ್ಥಶಾಸ್ತ್ರದ ಚಂದ್ರಶೇಖರ ಹುಡುಕಬೇಕು ಎಂದಳು.

"ಮತ್ತ ಮೂವರೂ ಕೂಡಿ ಯಾಕ ಹೋಗೂದಿಲ್ರಿ?"

ಗೋಪಿಕಾ ನಕ್ಕಳು. ಹೋಗುವ ಆಸೆ ಮೂವರಿಗೂ ಇತ್ತು. ಹಿಂದಿನ ವರ್ಷ ಕೂಡಿಯೇ ಅನುದಾನಕ್ಕೆ ಅರ್ಜಿ ಹಾಕಿದ್ದರಂತೆ. ಇದು ಯಾವ ವಿಷಯಕ್ಕೂ ಸೇರುವುದಿಲ್ಲ, ಒಂದೊಂದು ವಿಭಾಗದಿಂದ ಬೇರೆ ಬೇರೆಯಾಗಿ ಬನ್ನಿ ಎಂದು ವಿಶ್ವವಿದ್ಯಾಲಯದಿಂದ ಉತ್ತರ ಬಂದಿತ್ತು.

ಆ ವಾರವೇ ಕಸ್ತೂರಬಾಯಿ ಮೈದುನನನ್ನು ಕರೆದು ಯಾತ್ರಿನಿವಾಸ ಬೇಡ, ಆ ರೊಕ್ಕ ಈ ಮೂವರು ಮಾಳವನ್ನು ಅಭ್ಯಾಸ ಮಾಡಲು ಹೋಗಲಿ ಎಂದಳು. ಮಲಕಾಜಪ್ಪನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಅಂಗಡಿ ಬಿಟ್ಟು ಮನೆಯಲ್ಲೇ ಕೂತ. ಮಠದ ಹಿರಿಯರನ್ನು ಕರೆಸಿದ, ಮೈಂದರ್ಗಿಯಿಂದ ಅವಳ ಅಣ್ಣನನ್ನೂ ಕರೆಸಿದ. ಸತ್ತ ಗಂಡನ ಹೆಸರನ್ನು ಹುಲ್ಲಿಗೆ ಹಾಕುತ್ತಾಳೆಂದು ಎಲ್ಲರೆದುರು ಅಂದ.

"ಹುಲ್ಲಿಗೂ ಹೆಸರು ಹಾಕೂದಿಲ್ಲ, ಕಲ್ಲಿಗೂ ಹಾಕೂದಿಲ್ಲ," ಎಂದಳು ಕಸ್ತೂರಬಾಯಿ. "ಅವರು ಇದ್ದಾಗ ಸೈತ ನನ್ನ ಕೇಳತಿದ್ರು. ನೀ ಒಂದ ಸರತೇನೂ ಕೇಳಿಲ್ಲ."

ಮಲಕಾಜಪ್ಪ ಅಂದಿನಿಂದ ಅವಳೊಡನೆ ಮಾತು ಬಿಟ್ಟ. ಅವಳ ಅಣ್ಣ ಉಣ್ಣದೆ ಎದ್ದು ಹೋದ. ಆ ರಾತ್ರಿ ಅವಳೂ ಉಣ್ಣಲಿಲ್ಲ. ಆದರೆ ಮಾತು ಬದಲಿಸಲಿಲ್ಲ.

ರೊಕ್ಕವಿದ್ದರೂ ಮೂವರಿಗೆ ಒಟ್ಟಿಗೆ ರಜೆ ಸಿಗಲು ವಿಶ್ವವಿದ್ಯಾಲಯದ ಒಪ್ಪಿಗೆ ಬೇಕಿತ್ತು. ಕಸ್ತೂರಬಾಯಿ ತಾನೇ ಅವರ ಜೊತೆ ಹೊರಟಳು. ಅಲ್ಲಿನ ಅನುದಾನ ಸಮಿತಿಯ ಮುಖ್ಯಸ್ಥರು ಚಹಾ ತರಿಸಿ ಮರಾಠಿಯಲ್ಲಿ ಬಹಳ ಗೌರವದಿಂದ ಮಾತಾಡಿದರು. ದೇಣಿಗೆಯನ್ನು ಸಸ್ಯಶಾಸ್ತ್ರಕ್ಕೆ ಕೊಡಬಹುದು, ಪ್ರಯೋಗಾಲಯದ ಬಾಗಿಲಿಗೆ ಯಜಮಾನರ ಫೋಟೋ ಹಾಕಿಸುತ್ತೇವೆ, ಉಳಿದಿಬ್ಬರ ವಿಚಾರ ಮುಂದೆ ನೋಡೋಣ ಎಂದರು. ಮರಾಠಿ ಅವಳಿಗೆ ಬರುತ್ತಿತ್ತು. ಆದರೂ ಕನ್ನಡದಲ್ಲೇ ಉತ್ತರ ಕೊಟ್ಟಳು. ಗೋಪಿಕಾ ಮರಾಠಿಗೆ ತಿರುಗಿಸಿ ಹೇಳಬೇಕಾಯಿತು.

"ಮೂವರೂ ಕೂಡಿ ಹೋದ್ರ ಕೊಡ್ತೀನಿ. ಒಬ್ಬೊಬ್ಬರಿಗಾದ್ರ ಒಂದು ಪೈನೂ ಇಲ್ಲ. ಅವರಿಗೆ ನೀವು ಸೂಟಿ ಕೊಡೂತನಕಾ ನಾ ಇಲ್ಲೇ ಹೊರಗ ಕುಂಡ್ರತೀನಿ."

ನಿಜವಾಗಿಯೂ ಪಡಸಾಲೆಯ ಬೆಂಚಿನ ಮೇಲೆ ಕೂತಳು. ಮರುದಿನವೂ ಬಂದು ಕೂತಳು. ಯಾರೂ ಅವಳೊಡನೆ ಜಗಳ ತೆಗೆಯಲಿಲ್ಲ, ಏಳು ಎಂದೂ ಹೇಳಲಾರದೆ ಹೋದರು. ಮೂರನೆಯ ದಿನ ಸಂಜೆ ಒಪ್ಪಿಗೆ ಸಿಕ್ಕಿತು.

ಮುಂದಿನ ಮಳೆಗಾಲದಿಂದ ಮೂವರೂ ಒಂದೇ ಹಳೆಯ ಜೀಪಿನಲ್ಲಿ ಬೋರಾಮಣಿಗೆ ಹೋಗತೊಡಗಿದರು. ಅಲ್ಲಿ ಜಗಳಗಳೇ ಹೆಚ್ಚು. ಬೇರು ನೀರು ಹಿಡಿಯುತ್ತದೆಂದು ಗೋಪಿಕಾ, ಬಂಡೆಯ ಬಿರುಕೇ ಕಾರಣವೆಂದು ಪಂಢರಿನಾಥ. ಮಾಳವನ್ನು ಯಾರೂ ಉಳಬಾರದೆಂಬ ಕುರಿಗಾರರ ಕಟ್ಟುಪಾಡು ಇರದಿದ್ದರೆ ಇಬ್ಬರ ವಾದವೂ ಉಳಿಯುತ್ತಿರಲಿಲ್ಲವೆಂದು ಚಂದ್ರಶೇಖರ. ಒಮ್ಮೆ ಪಂಢರಿನಾಥ ಒಬ್ಬನೇ ಬರೆಯುವುದಾಗಿ ಹೊರಟು ನಿಂತ. ಅಂದು ಜೊತೆಗೆ ಬಂದಿದ್ದ ಕಸ್ತೂರಬಾಯಿ ಜೀಪಿನ ಕೀಲಿ ಇಸಿದುಕೊಂಡು ಮೂವರಿಗೂ ಎಲೆ ಹಾಕಿದಳು. ಉಣ್ಣುತ್ತ ಮತ್ತೆ ಜಗಳಾಡಿದರು, ಆದರೆ ಬಿಟ್ಟು ಹೋಗಲಿಲ್ಲ. ಕೊನೆಗೆ ಕೂಡಿ ಬರೆದದ್ದಿಷ್ಟು: ಮಾಳವನ್ನು ಉಳುಮೆ ಮಾಡಿದರೆ ಮಳೆನೀರು ಹರಿದು ಹೋಗುತ್ತದೆ, ಬಾವಿ ಬತ್ತುತ್ತದೆ, ಹುಲ್ಲು, ಬಂಡೆ, ಮೇಯಿಸುವವರ ಕಟ್ಟುಪಾಡು ಮೂರೂ ಕೂಡಿ ಬಾವಿಯ ನೀರನ್ನು ಕಾಯ್ದಿವೆ.

ಅಷ್ಟರಲ್ಲಿ ಮಾಳವನ್ನು ಉತ್ತು ಸಾಲುಗಿಡ ನೆಡುವ ಸರಕಾರಿ ಆದೇಶ ಬಂದಿತ್ತು. ವರದಿಯನ್ನು ಕನ್ನಡ ಮರಾಠಿ ಎರಡರಲ್ಲೂ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದು ಕಸ್ತೂರಬಾಯಿ. ಕುರಿಗಾರರು ಟ್ರ್ಯಾಕ್ಟರಿಗೆ ಅಡ್ಡ ನಿಂತರು. ಕೆಲಸ ನಿಲ್ಲುವ ಹೊತ್ತಿಗೆ ಅರ್ಧ ಮಾಳ ಹೋಗಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವಳು ಅದನ್ನು ನೋಡಲು ಹೋದಳು. ಉತ್ತ ಕಡೆ ಧೂಳು ಏಳುತ್ತಿತ್ತು. ಗೋಪಿಕಾ ಅತ್ತಳು, ತಡಮಾಡಿಬಿಟ್ಟೆವು ಎಂದಳು. ಕಸ್ತೂರಬಾಯಿಯ ಕಣ್ಣು ತುಂಬಲಿಲ್ಲ. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಅಕ್ಕಲಕೋಟಿ ಕಡಿಗೂ ಹಿಂತಾ ಮಾಳ ಅದಾವಲ್ಲ," ಎಂದಳು. "ಅವನ್ನ ಯಾವಾಗ ನೋಡ್ತೀರಿ, ಅದನ್ನ ಹೇಳ್ರಿ."

ಜೂನಿನಲ್ಲಿ ಜೀಪು ಅತ್ತ ಹೊರಟಿತು. ಮಲಕಾಜಪ್ಪ ಆಗಲೂ ಅವಳೊಡನೆ ಮಾತು ಬಿಟ್ಟೇ ಇದ್ದ.