ಒಂದು ಕಿವಿಗೆ ಓಲೆ, ಒಂದು ಕಿವಿಗೆ ಕಡ್ಡಿ

ಪ್ಯಾರಿಸ್ಸಿಗೆ ಬಂದ ಮೂರನೇ ದಿನ ಮೆಟ್ರೋದಲ್ಲಿ ನನ್ನೆದುರು ಕೂತಿದ್ದ ಹೆಂಗಸೊಬ್ಬಳು ಎರಡೂ ಓಲೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಬರಿಗಿವಿಯಲ್ಲೇ ಇಳಿದು ಹೋದಳು. ಬಾಗಿಲು ಮುಚ್ಚುವವರೆಗೂ ನಾನು ಅವಳ ಕಿವಿಯನ್ನೇ ನೋಡುತ್ತಿದ್ದೆ. ಕೂಟಗಲ್‌ನ ನಮ್ಮ ಬೀದಿಯಲ್ಲಿ ಹೆಂಗಸರು ಬರಿಗಾಲಲ್ಲಿ ಹೊಲಕ್ಕೆ ಹೋದಾರು, ಬರಿಗಿವಿಯಲ್ಲಿ ಹೊಸ್ತಿಲು ದಾಟುವುದಿಲ್ಲ. ಓಲೆ ರಿಪೇರಿಗೆ ಹೋದರೆ ತೂತಿಗೆ ಪೊರಕೆ ಕಡ್ಡಿಯನ್ನಾದರೂ ಸಿಕ್ಕಿಸಿಕೊಳ್ಳುತ್ತಾರೆ. ಇಲ್ಲಿ ಯಾರೂ ತಿರುಗಿಯೂ ನೋಡಲಿಲ್ಲ.

ನಾನು ಬಂದದ್ದೇ ಇವರ ಕಿವಿಗೆ ಒಡವೆ ಮಾಡಲು. ರಾಮನಗರದ ಆಚಾರಿಯೊಬ್ಬರ ಅಂಗಡಿ ಮುಂದೆ ನಿಂತು ಕುಸುರಿ ಕೆಲಸ ನೋಡುತ್ತ ಬೆಳೆದವಳು ನಾನು. ಬೆಂಗಳೂರಲ್ಲಿ ಡಿಸೈನ್ ಓದಿ, ಮುಂಬಯಿಯಲ್ಲಿ ಏಳು ವರ್ಷ ವಜ್ರದ ಹಾರಗಳನ್ನು ಬರೆದು, ಕೊನೆಗೆ ಇಲ್ಲಿನ ದೊಡ್ಡದೊಂದು ಫ್ಯಾಷನ್ ಸಂಸ್ಥೆಗೆ ಸೇರಿದೆ. ಆರು ತಿಂಗಳ ಪರೀಕ್ಷೆ. ಅಷ್ಟರೊಳಗೆ ನನ್ನದೊಂದು ವಿನ್ಯಾಸವಾದರೂ ಅವರ ಸಂಗ್ರಹಕ್ಕೆ ಸೇರದಿದ್ದರೆ ಗಂಟುಮೂಟೆ ಕಟ್ಟಬೇಕು. "ಆಗ್ನಿಲ್ಲ ಅಂದ್ರೆ ಬಂದ್ಬುಡು, ನಿನ್ ಕ್ವಾಣೆ ಹಂಗೇ ಐತೆ" ಅಂದಿದ್ದಳು ಅವ್ವ.

ಇಲ್ಲಿನ ನನ್ನ ಮನೆ ಆರನೇ ಮಹಡಿಯ 'ಶಾಂಬ್ರ್ ದ ಬಾನ್', ಅಂದರೆ ಹಿಂದೆ ಮನೆಗೆಲಸದವರು ಮಲಗುತ್ತಿದ್ದ ಗೂಡು. ಮಂಚದ ಮೇಲೆ ಕೂತೇ ಒಲೆಗೆ ಕೈ ಚಾಚಬಹುದು. ಊರಲ್ಲಿ ರೇಷ್ಮೆಹುಳಕ್ಕೂ ನಾವು ಇದಕ್ಕಿಂತ ಹೆಚ್ಚು ಗಾಳಿ ಬಿಡುತ್ತೇವೆ. ಮುದ್ದೆ ತಿರುವಲು ಹೋಗಿ ಮರದ ಸೌಟು ಮುರಿದದ್ದಾಯಿತು. ಬೇಕರಿಯವಳಿಗೆ ನನ್ನ ಫ್ರೆಂಚ್ ಅರ್ಥವಾದ ದಿನ ಆ ಖುಷಿಗೇ ಒಂದರ ಬದಲು ಎರಡು ಬ್ರೆಡ್ ಕೊಂಡೆ. ಭಾನುವಾರಗಳು ಮಾತ್ರ ಕಷ್ಟ. ಊರಲ್ಲಾದರೆ ಯಾರಾದರೂ ಬಾಗಿಲಿಗೆ ಬಂದು ಕೂರುತ್ತಾರೆ. ಇಲ್ಲಿ ಬೆಳಗಿಂದ ಸಂಜೆವರೆಗೆ ಬಾಯಿ ಬಿಡದೆ ಕಳೆದ ದಿನಗಳಿವೆ. ಅತ್ತೂ ಇದ್ದೇನೆ.

'ಆತ್ಲಿಯೆ'ಯಲ್ಲಿ, ಎಂದರೆ ನಮ್ಮ ಕೆಲಸದ ಕೋಣೆಯಲ್ಲಿ, ನಾನು ಬರೆದದ್ದೆಲ್ಲ ವಾಪಸ್. ಮುಖ್ಯಸ್ಥೆ ಹೆಲೆನ್ ಅರವತ್ತು ದಾಟಿದ ಹೆಂಗಸು. ಹಾಳೆಗಳನ್ನು ತಿರುವಿ, "ಚೆನ್ನಾಗಿದೆ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು" ಅನ್ನುತ್ತಿದ್ದಳು. ಹಾಗೇ ಐದು ತಿಂಗಳು ಕಳೆಯಿತು.

ಆಗ ಆದದ್ದು ಈ ಎಡವಟ್ಟು. ರೂಪದರ್ಶಿಯೊಬ್ಬಳಿಗೆ ಒಡವೆ ತೊಡಿಸಿ ನೋಡುತ್ತಿದ್ದೆವು. ಒಂದು ಓಲೆಯ ತಿರುಪು ಸಡಿಲವಾಗಿತ್ತು. ಬಿಚ್ಚಿ ರಿಪೇರಿಗೆ ಕಳಿಸಿದೆ. ಆ ಬರಿಗಿವಿ ನೋಡಿದ ಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ? ಹರಳಿನ ಸಂದು ಶುಚಿ ಮಾಡಲೆಂದು ಇಟ್ಟಿದ್ದ ಹೊಸ ಮರದ ಕಡ್ಡಿಯೊಂದನ್ನು ಮುರಿದು ಅವಳ ಕಿವಿಗೆ ಸಿಕ್ಕಿಸಿಬಿಟ್ಟೆ. ಅವಳು ಹಾಗೇ ಹೋಗಿ ಹೆಲೆನ್ ಮುಂದೆ ನಿಂತಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಇದೇನು?" ಎಂದಳು ಹೆಲೆನ್.

ಹರುಕುಮುರುಕು ಫ್ರೆಂಚಿನಲ್ಲಿ ಅವ್ವನ ಕಥೆ ಹೇಳಿದೆ. ನಾನು ಚಿಕ್ಕವಳಿದ್ದಾಗ ಹುಲ್ಲು ಒಟ್ಟುವಾಗ ಅವ್ವನ ಒಂದು ಓಲೆ ಮೆದೆಯಲ್ಲಿ ಬಿದ್ದುಹೋಗಿತ್ತು. ಅವಳು ಹೊಸದು ಮಾಡಿಸಿಕೊಳ್ಳಲಿಲ್ಲ. ಇಡೀ ವರ್ಷ ಒಂದು ಕಿವಿಗೆ ಓಲೆ, ಇನ್ನೊಂದಕ್ಕೆ ಕಡ್ಡಿ. ಮರುವರ್ಷ ಆ ಹುಲ್ಲು ತಿಪ್ಪೆ ಸೇರಿ ಗೊಬ್ಬರವಾಗಿ, ಅದನ್ನು ಹೊಲಕ್ಕೆ ಹರಡುವಾಗ ಓಲೆ ಸಿಕ್ಕಿತು. ಹೆಲೆನ್ ಆ ಹುಡುಗಿಯ ಕಿವಿಯನ್ನೇ ನೋಡುತ್ತ, "ಇದನ್ನು ಬರೆದು ತಾ" ಎಂದಳು.

ಕುಣಿಯುತ್ತ ಹೋಗಿ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಅವಳ ಮುಖ ಬಾಡಿತು.

"ಕಡ್ಡೀನ ಬರ್ದ್ಯಾ? ಅದ್ಯಾಕವ್ವ ಲೋಕಕ್ಕೆಲ್ಲ ತೋರುಸ್ಬುಟ್ಟೆ? ಆ ವರ್ಸ ಯಾರ ಮದ್ವೆಗೋದ್ರೂ ಸೆರಗು ಹೊದ್ಕಂಡೇ ಕುಂತಿರ್ತಿದ್ದೆ. ಓಲೆ ಇಕ್ಕಳಕೆ ಗತಿ ಇಲ್ಲ ಅಂತ ಆಡ್ಕತ್ತಿದ್ರು."

ಇದು ನನಗೆ ಗೊತ್ತೇ ಇರಲಿಲ್ಲ. ಅವ್ವನ ಅವಮಾನವನ್ನು ಹಾಳೆಯ ಮೇಲೆ ಬರೆದು ಮೆಚ್ಚುಗೆ ಗಳಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. "ನೀನ್ ಬ್ಯಾಡ ಅಂದ್ರೆ ನಿಲ್ಲುಸ್ಬುಡ್ತೀನಿ ಕಣವ್ವ" ಎಂದೆ. ನಿಲ್ಲಿಸಿದರೆ ಕೆಲಸವೂ ಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ಅವ್ವ ತನ್ನ ಓಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ಗತಿ ಇಲ್ದೆ ಹಾಕಂಡಿದ್ದಲ್ಲ ಅದು. ನಿಮ್ಮಪ್ಪ ಹೊಸದು ತತ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ. ಬಿದ್ದಿರೋದು ನಮ್ ಹುಲ್ಲಲ್ಲೇ, ಒಂದಿನ ಸಿಕ್ತದೆ, ಅಲ್ಲೀಗಂಟ ತೂತು ಮುಚ್ಕಬಾರ್ದು ಅಂತ ಹಾಕಂಡಿದ್ದೆ. ಅದ್ನ ಅವರ್ಗೆ ಹೇಳು. ಹೇಳೋದಾದ್ರೆ ಮಾಡು."

ಹೇಳಿದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರಿಂದ ಹಾಲೆ ಮರದ ಕಡ್ಡಿ ಮಾಡಿಸಿ ತರಿಸಿದೆ. ಆತ್ಲಿಯೆಯವರು ಕಡ್ಡಿಯ ತುದಿಗೂ ಒಸಿ ಚಿನ್ನ ಇರಲಿ ಎಂದರು. ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ. ಒಂದು ಕಿವಿಗೆ ಚಿನ್ನದ ಓಲೆ, ಇನ್ನೊಂದಕ್ಕೆ ಬರೀ ಕಡ್ಡಿ, ಪೆಟ್ಟಿಗೆಯೊಳಗೆ ಅವ್ವನ ಮಾತು ಫ್ರೆಂಚಿನಲ್ಲಿ. ಜೋಡಿ ಸಂಗ್ರಹಕ್ಕೆ ಸೇರಿತು. ನನ್ನ ಕೆಲಸ ಕಾಯಂ ಆಯಿತು.

ಸುದ್ದಿ ಕೇಳಿ ಅವ್ವ ಹಿಗ್ಗಿದಳು. ಆಮೇಲೆ ಮೆಲ್ಲಗೆ, "ಹಂಗಾರೆ ನಿನ್ ಕ್ವಾಣೇಲಿ ಹುಳ ಇಕ್ಕಬೈದಾ? ಈ ಸಲ ಸೊಪ್ಪು ಜಾಸ್ತಿ ಐತೆ, ಜಾಗ ಸಾಲಲ್ಲ" ಎಂದಳು.

"ಇಕ್ಕವ್ವ" ಎಂದೆ. ಹಟ ಹಿಡಿದು ದಕ್ಕಿಸಿಕೊಂಡ ಕೆಲಸ. ಈಗ ಕೋಣೆ ಹೋಯಿತೆಂದು ಅಳುವುದು ಯಾವ ನ್ಯಾಯ?

ಮರುವಾರ ಫೋಟೊ ಕಳಿಸಿದಳು. ಗೋಡೆಯುದ್ದಕ್ಕೂ ಹುಳದ ತಟ್ಟೆಗಳು. ಮೂಲೆಯಲ್ಲಿ ನನ್ನ ಮಂಚ ಮಾತ್ರ ಹಾಗೇ ಇತ್ತು, ಹಾಸಿಗೆ ಸಮೇತ. ಕಾಲ್ ಮಾಡಿ, "ಮಂಚ ಯಾಕವ್ವ ಬುಟ್ಟಿದ್ದೀಯ? ಅಲ್ಲೂ ನಾಕು ತಟ್ಟೆ ಹಿಡೀತಿದ್ವು" ಎಂದೆ.

"ಇರ್ಲಿ ಬುಡು" ಎಂದಳು ಅವ್ವ. "ಅದು ಕಡ್ಡಿ."