ಕಾಲೂರಿಸುವ ಕದಿರಪ್ಪ

ಬೆಳಗಿನ ಐದೂವರೆ. ಶ್ರೀನಿವಾಸಪುರದ ಮಾವಿನ ಮಂಡಿಗಳು ಇನ್ನೂ ಬಾಗಿಲು ತೆಗೆದಿಲ್ಲ. ಮೂರು ಮೈಲಿ ಆಚೆಯ ಹಳ್ಳಿಯೊಂದರ ಜಗಲಿಯ ಮೇಲೆ ಡ್ರೆಸ್ಸರ್ ಕದಿರಪ್ಪ ಆಗಲೇ ಜಗಳಕ್ಕೆ ನಿಂತಿದ್ದಾರೆ. ಎದುರಿಗೆ ಕಲ್ಲುಕಂಬ ತಬ್ಬಿಕೊಂಡ ನರಸಿಂಹಪ್ಪ. ಕ್ವಾರಿಯಲ್ಲಿ ಲಾರಿಯಿಂದ ಬಿದ್ದು ತೊಡೆ ಮುರಿದುಕೊಂಡವರು. ಕಟ್ಟು ಬಿಚ್ಚಿ ಹದಿನೈದು ದಿನವಾಗಿದೆ.

"ಕಂಬ ಬಿಡ್ರೀ ಯಜಮಾನ್ರೇ, ಅದೇನು ನಿಮ್ಮ ಹೆಂಡ್ತೀನಾ?"

ಒಳಗಿನಿಂದ ಹೆಂಡತಿಯ ನಗು ಕೇಳುತ್ತದೆ. ನರಸಿಂಹಪ್ಪ ಹಲ್ಲು ಕಚ್ಚಿ, ಡ್ರೆಸ್ಸರರ ವಂಶವನ್ನೆಲ್ಲ ಬೈದು, ಕಂಬ ಬಿಟ್ಟು ಎರಡು ಹೆಜ್ಜೆ ಇಡುತ್ತಾರೆ. "ನಾಳೆ ನಾಲ್ಕು" ಎಂದು ಕದಿರಪ್ಪ ಸೈಕಲ್ ಹತ್ತುತ್ತಾರೆ.

ಮಾಲೂರು ಕಡೆಯ ಕದಿರಪ್ಪ ಈ ಸೀಮೆಯ ಸಣ್ಣ ಸರ್ಕಾರಿ ಆಸ್ಪತ್ರೆಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಡಾಕ್ಟರು ಪ್ಲಾಸ್ಟರ್ ಹಾಕುವಾಗ ಕಾಲು ಹಿಡಿಯುವುದು ಅವರ ಕೆಲಸ. ಆಸ್ಪತ್ರೆಯ ಗೇಟು ದಾಟಿದರೆ ಸರ್ಕಾರ ಅವರಿಂದ ಏನನ್ನೂ ಕೇಳುವುದಿಲ್ಲ. ಆದರೂ ಒಂಬತ್ತಕ್ಕೆ ಡ್ಯೂಟಿಗೆ ಹೋಗುವ ಮೊದಲು ದಿನಾ ಹದಿನಾಲ್ಕು ಮೈಲಿ ಸೈಕಲ್, ಐದಾರು ಮನೆ. ಎಲ್ಲರೂ ಕ್ವಾರಿ, ಕೆರೆಯಂಗಳ, ತೋಪುಗಳಲ್ಲಿ ಲಾರಿ ಟ್ರ್ಯಾಕ್ಟರುಗಳಿಂದ ಬಿದ್ದವರೇ. ಡಾಂಬರು ರಸ್ತೆಯಲ್ಲಿ ಗುದ್ದಿದರೆ ಪತ್ರಿಕೆಯಲ್ಲಿ ಎರಡು ಸಾಲಾದರೂ ಬಂದೀತು. ಕೆರೆಯಂಗಳದಲ್ಲಿ ಗುದ್ದಿದರೆ ಯಾರಿಗೆ ಬೇಕು?

"ಬಿದ್ದ ದಿನ ಊರೇ ಸೇರುತ್ತೆ ಸ್ವಾಮಿ. ಕಟ್ಟು ಬಿಚ್ಚಿದ್ಮೇಲೆ ನೋಡಿ, ಒಂದು ನರಪಿಳ್ಳೆ ಬರಲ್ಲ" ಎನ್ನುತ್ತಾರೆ.

ಅವರೂ ಮೊದಲೆಲ್ಲ ಹೋಗುತ್ತಿರಲಿಲ್ಲ. ಹೋಗುವಂತೆ ಮಾಡಿದ್ದು ಒಂದು ಮಾತು.

ಹೋದ ವರ್ಷ, ಎಂಬತ್ತಮೂರರ ಮೇ ತಿಂಗಳು. ಮಾವು ಕೀಳಲು ಆಳುಗಳನ್ನು ತುಂಬಿಕೊಂಡ ಟ್ರ್ಯಾಕ್ಟರೊಂದು ಒಣಗಿದ ಕೆರೆಯಂಗಳದಲ್ಲಿ ಅಡ್ಡದಾರಿ ಹಿಡಿಯಿತು. ಎದುರಿನಿಂದ ಇಟ್ಟಿಗೆ ಗೂಡಿಗೆ ಮಣ್ಣು ಹೊತ್ತ ಲಾರಿ. ಧೂಳೋ ಧೂಳು, ಒಬ್ಬರಿಗೊಬ್ಬರು ಕಾಣಲಿಲ್ಲ. ಟ್ರೈಲರ್ ಮಗುಚಿ ಹನ್ನೊಂದು ಜನರಿಗೆ ಪೆಟ್ಟಾಯಿತು. ಜೀವ ಹೋಗಲಿಲ್ಲ, ಅದೇ ಪುಣ್ಯ. ಎಲ್ಲರಿಗಿಂತ ಕೆಟ್ಟ ಪೆಟ್ಟು ಬೈರಮ್ಮನವರಿಗೆ, ಬಲ ತೊಡೆಗೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ನಲವತ್ತರ ಹೆಂಗಸು. ನಿಂತು ಸೊಪ್ಪು ಹಾಕದಿದ್ದರೆ ಆ ಮನೆಯಲ್ಲಿ ಹುಳುವೂ ಉಪವಾಸ, ಜನವೂ ಉಪವಾಸ.

ಆಗಸ್ಟಿನಲ್ಲಿ ಕಟ್ಟು ಬಿಚ್ಚಿದರು. ಮೂಳೆ ಕೂಡಿದೆ, ನಡೆಯಲು ಹೇಳಿ ಎಂದರು ಡಾಕ್ಟರು. ಕದಿರಪ್ಪ ಹೇಳಿಯೇ ಕಳಿಸಿದರು: "ದಿನಾ ಕಾಲು ಊರ್ಕೊಂಡಿರಮ್ಮಾ."

ಎರಡು ತಿಂಗಳ ಮೇಲೆ ಬೈರಮ್ಮನವರ ಗಂಡ ದೊಡ್ಡಮುನಿಯಪ್ಪ ಆಸ್ಪತ್ರೆಗೆ ಬಂದು, ಹೆಂಡತಿಯ ಬೆನ್ನಿನ ಹುಣ್ಣಿಗೆ ಮುಲಾಮು ಕೇಳಿದರು. ಬೆನ್ನಿಗ್ಯಾಕೆ ಹುಣ್ಣು ಎಂದರೆ, "ಮಲಗೇ ಇದ್ದಾಳಲ್ಲ!" ಮಾರನೆಯ ಬೆಳಗ್ಗೆಯೇ ಕದಿರಪ್ಪ ಅವರ ಮನೆಗೆ ಸೈಕಲ್ ತುಳಿದರು.

"ನೀವೇ ಹೇಳಿದ್ರಲ್ಲಪ್ಪಾ, ಊರಕುಂಡೂ ಅಂತ" ಎಂದರು ಬೈರಮ್ಮ. "ಕಾಲು ಕದಲಿಸ್ದೆ ಇದ್ದೀನಿ."

ಬೈರಮ್ಮನವರ ಮನೆಮಾತು ತೆಲುಗು. ತೆಲುಗಿನಲ್ಲಿ ಊರಕುಂಡು ಎಂದರೆ ಸುಮ್ಮನಿರು. ಕಾಲು ಊರಿ ನಡೆ ಎಂದದ್ದು ಅಲ್ಲಾಡದೆ ಬಿದ್ದಿರು ಎಂದಾಗಿ, ಆ ಮಹಾತಾಯಿ ಅದನ್ನು ವ್ರತದ ಹಾಗೆ ನಡೆಸಿದ್ದರು. ತೊಡೆ ಸೊರಗಿ ಮೊಳಕೈಯಷ್ಟಾಗಿತ್ತು, ಮಂಡಿ ಮಡಿಸಲು ಬರುತ್ತಿರಲಿಲ್ಲ. ಹುಳುಮನೆ ಖಾಲಿ. ಬೈರಮ್ಮನ ಕಾಲು ಹೋಯ್ತು ಎಂದು ಊರು ತೀರ್ಪು ಕೊಟ್ಟಾಗಿತ್ತು.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ನನ್ನ ಬಾಯಿಂದ ಹೋಗಿದ್ದು ಒಬ್ಬರ ಕಾಲು. ಆವತ್ತು ಅಲ್ಲೇ ಅತ್ತುಬಿಟ್ಟೆ" ಎನ್ನುವಾಗ ಕದಿರಪ್ಪ ಮುಖ ಮರೆಮಾಡುವುದಿಲ್ಲ.

ಅತ್ತು ಸುಮ್ಮನಾಗುವ ಆಸಾಮಿಯೂ ಅಲ್ಲ. ಡಾಕ್ಟರನ್ನು ಕೇಳಿ ಬಂದು, ಬೈರಮ್ಮನವರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಹಿಮ್ಮಡಿಗೆ ಮರಳು ತುಂಬಿದ ಚೀಲ ಕಟ್ಟಿ ಕಾಲು ಎತ್ತಿಸಿದರು, ಇಳಿಸಿದರು. ಬಿಸಿನೀರಿನ ಶಾಖ, ಮತ್ತೆ ಎತ್ತು, ಮತ್ತೆ ಇಳಿಸು. ಬೈರಮ್ಮ ಅತ್ತರು, ಬೈದರು, ಒಂದು ದಿನ ಚೊಂಬನ್ನೇ ಎಸೆದರು. "ಗುರಿ ಚೆನ್ನಾಗಿದೆ, ಕಾಲೂ ಹಂಗೇ ಎತ್ತಿ" ಎಂದರಂತೆ ಕದಿರಪ್ಪ. ಸಂಕ್ರಾಂತಿಗೆ ಮಂಡಿ ಅರ್ಧ ಬಗ್ಗಿತು. ಶಿವರಾತ್ರಿಗೆ ಕೋಲು ಹಿಡಿದು ಹುಳುಮನೆಯ ಹೊಸಿಲು ದಾಟಿದರು. ಉಳಿದ ಹತ್ತು ಜನರ ಮನೆಗೂ ಕದಿರಪ್ಪ ಹೋದರು. ಈಗ ಯಾರಿಗೂ ಬರೀ ಬಾಯಲ್ಲಿ ಹೇಳಿ ಕಳಿಸುವುದಿಲ್ಲ. ಮುಂದೆ ನಿಂತು ತಾವೇ ನಡೆದು ತೋರಿಸಿ, ಅವರಿಂದಲೂ ನಡೆಸಿ, ಕಾಲು ನೆಲಕ್ಕೆ ಊರು ಎಂಬುದನ್ನು ತೆಲುಗಿನಲ್ಲಿ "ಕಾಲು ಮೋಪಮ್ಮಾ" ಎಂದೂ ಸೇರಿಸುತ್ತಾರೆ. ಹನ್ನೊಂದಕ್ಕೆ ಹನ್ನೊಂದು ಜನ ಎದ್ದು ಓಡಾಡುತ್ತಿದ್ದಾರೆ!

ಈ ಮೇ ತಿಂಗಳ ಒಂದು ಬೆಳಗ್ಗೆ ಬೈರಮ್ಮ ಮನೆಯಲ್ಲಿ ಸಿಗಲಿಲ್ಲ. ಗಾಬರಿಯಿಂದ ಹುಡುಕಿಕೊಂಡು ಹೋದರೆ, ತೋಟದ ಬದುವಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಾರೆ. ಕೈಯಲ್ಲಿ ಕೋಲಿಲ್ಲ. ಕದಿರಪ್ಪ ಸೈಕಲ್ ಬಿಸಾಕಿ ಹಿಡಿಯಲು ಓಡಿದರು. ಬೈರಮ್ಮ ನಿಲ್ಲಲೂ ಇಲ್ಲ.

"ನಾಳೆಯಿಂದ ನಮ್ಮನೆಗೆ ಬರಬ್ಯಾಡಪ್ಪಾ ನೀನು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದವೆ, ಹೊತ್ತೊತ್ತಿಗೂ ಸೊಪ್ಪು ಕೇಳ್ತವೆ, ನಿನ್ ಜೊತೆ ಕೂತ್ಕೊಳಕ್ಕೆ ನಂಗೆ ಪುರುಸೊತ್ತಿಲ್ಲ" ಎನ್ನುತ್ತ ದಾಟಿಕೊಂಡೇ ಹೋದರು.

ಇದನ್ನು ಹೇಳುವಾಗ ಕದಿರಪ್ಪನವರ ಮುಖ ನೋಡಬೇಕು.

"ಬೇರೆಯವರಿಗೆ ಬರಬ್ಯಾಡ ಅಂದ್ರೆ ಅವಮಾನ ಸ್ವಾಮಿ. ನಾನು ಮಾತ್ರ ಎಲ್ಲಾ ಮನೇಲೂ ಅದನ್ನ ಅನ್ನಿಸ್ಕೋಬೇಕು ಅಂತಾನೇ ಹೋಗ್ತೀನಿ."