ಐದು ಹೆಸರಿನ ಚೀಟಿ

ಕಲ್ಲು ಬೀಳಬಹುದಿತ್ತು. ಕೊಡಲಿ ಹೊರಬರಬಹುದಿತ್ತು. ಗೋಡೆ ಎದೆಮಟ್ಟಕ್ಕೆ ಬಂದಾಗ ಅಡ್ಡಮಳೆ ಹೊಡೆದು ಎಲ್ಲ ಕೆಸರಾಗಬಹುದಿತ್ತು. ತೊಲೆ ಎತ್ತುವಾಗ ಮೇಲಿನ ಓಣಿಯವನ ಕೈ ಜಾರಿ ಕೆಳಗಿನ ಓಣಿಯವನ ಕಾಲು ಮುರಿದು, ‘ಬೇಕಂತಲೇ ಬಿಟ್ಟ’ ಎಂದು ಊರು ಮತ್ತೆ ಹೊತ್ತಿಕೊಳ್ಳಬಹುದಿತ್ತು. ಚಹಾದಲ್ಲಿ ಯಾರಾದರೂ ಏನಾದರೂ ಕಲಸಬಹುದಿತ್ತು. ನನ್ನನ್ನೇ ಎತ್ತಿ ಬಾವಿಗೆ ಹಾಕಬಹುದಿತ್ತು. ನನಗೆ ಈಜು ಬರುವುದಿಲ್ಲ. ಇವನ್ನೆಲ್ಲ ಡೈರಿಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಬಾವಿಯದು ಹದಿನೇಳನೆಯದು.

೧೯೭೪ರ ಬೇಸಿಗೆ. ರಾಮದುರ್ಗದ ಬ್ಲಾಕ್ ಆಫೀಸಿನಲ್ಲಿ ನಾನು ಸಮಾಜ ಶಿಕ್ಷಣ ಸಂಘಟಕ. ಹಳ್ಳಿಗಳಲ್ಲಿ ಯುವಕ ಮಂಡಳ ಕಟ್ಟುವುದು, ವಾಲಿಬಾಲ್ ಹಂಚುವುದು, ವಯಸ್ಕರಿಗೆ ಅಕ್ಷರ ಕಲಿಸುವುದು ಆ ಹುದ್ದೆಯ ಕೆಲಸ. ನನಗೆ ಆಗ ಇಪ್ಪತ್ತೊಂಬತ್ತು, ಹೆದರಿ ಹೆದರಿ ನನ್ನ ಹೊಟ್ಟೆಗೆ ಆಗಲೇ ಅರವತ್ತು. ಈಗ ನಲವತ್ತೆಂಟು, ಹೊಟ್ಟೆ ಇನ್ನೂ ಅಲ್ಲೇ ಕೂತು ನನ್ನ ದಾರಿ ಕಾಯುತ್ತಿದೆ.

ಊರಿನ ಹೆಸರು ಬೇಡ. ದನ ಹೋಗುವ ದಾರಿಯೊಂದರ ಸಲುವಾಗಿ ಅಲ್ಲಿ ಎರಡು ಓಣಿಗಳ ನಡುವೆ ಎರಡು ವರ್ಷ ಜಗಳ ನಡೆದು, ಕೊನೆಗೆ ಒಂದು ಮಧ್ಯಾಹ್ನ ಮೇಲಿನ ಓಣಿಯವರು ಕೆಳಗಿನ ಓಣಿಗೆ ಬೆಂಕಿ ಇಟ್ಟರು. ಹನ್ನೊಂದು ಮನೆ ಸುಟ್ಟವು. ಭೀಮಪ್ಪನೆಂಬ ರೈತ ಎತ್ತಿನ ಹಗ್ಗ ಬಿಚ್ಚಲು ಮನೆಯೊಳಗೆ ಓಡಿದ. ಹೊರಗಿನವರು ಚಿಲಕ ಹಾಕಿದರು. ಎತ್ತು ಒದರಿದ್ದು ಪಕ್ಕದ ಹಳ್ಳಿಗೂ ಕೇಳಿತಂತೆ. ಭೀಮಪ್ಪ ಒದರಿದ್ದು ಮಾತ್ರ ಯಾರಿಗೂ ಕೇಳಲಿಲ್ಲ. ಹಾಗೆಂದು ಎಲ್ಲರೂ ಹೇಳಿಕೆ ಕೊಟ್ಟರು.

ಅವನ ಹೆಂಡತಿ ಗಂಗವ್ವ ಸಿರಸಂಗಿಯ ತವರಿಗೆ ಹೋದಳು. ಊರು ಬಿಟ್ಟ ಉಳಿದ ಮನೆಗಳವರದು ಒಂದೇ ಮಾತು: ಗಂಗವ್ವ ಬಂದು ಒಲಿ ಹಚ್ಚಲಿ, ಆಮ್ಯಾಲೆ ನಾವು ಬರತೇವಿ.

ನಮ್ಮ ಸಾಹೇಬರು ನನ್ನನ್ನು ಕರೆದು, “ಹಿರೇರು ಕೆಟ್ಟು ಹೋಗ್ಯಾರ್ರಿ. ಹುಡುಗೂರನ್ನ ಹಿಡೀರಿ. ಅವರ ಕೈಲೆ ಮನಿ ಕಟ್ಟಸ್ರಿ” ಅಂದರು. ಕಲ್ಲು, ಮರ ಸರ್ಕಾರದ್ದು. ಕೈ ಹುಡುಗರದ್ದು. ಭಯ ನನ್ನದು.

ಶಾಲೆಯ ಕೋಣೆಯಲ್ಲಿ ಎರಡೂ ಓಣಿಯಿಂದ ಹತ್ತತ್ತು ಹುಡುಗರನ್ನು ಕೂಡಿಸಿದೆ. ಒಂದು ಬದಿಗೆ ಭೀಮಪ್ಪನ ತಮ್ಮ ಯಲ್ಲಪ್ಪ. ಎದುರಿಗೆ ಮೇಲಿನ ಓಣಿಯ ಸಿದ್ದಪ್ಪ; ಅವನ ಅಪ್ಪ ಅದೇ ಕೇಸಿನ ಆರೋಪಿ, ಜಾಮೀನಿನ ಮೇಲೆ ಹೊರಗಿದ್ದ. ನಾನು ಸೌಹಾರ್ದದ ಬಗ್ಗೆ ಭಾಷಣ ಶುರು ಮಾಡುವಷ್ಟರಲ್ಲಿ ಯಲ್ಲಪ್ಪನೇ ಬಾಯಿ ತೆಗೆದ.

“ಸುಟ್ಟವರ ಕಟ್ಟತಾರಂತ. ಚೊಲೋ ಧಂದೆ ಐತಲೇ ನಿಮ್ದು!”

“ನಾ ಎಲ್ಲಿ ಸುಟ್ಟೇನಿ? ನಮ್ಮಪ್ಪ ಸುಟ್ಟಾನ.”

“ಹಂಗಾರ ಅವನ್ನೂ ಕರಕೊಂಡು ಬಾ. ನೀರರ ಹೊರ್ಲಿ. ಅವತ್ತು ಹೊರಲಿಲ್ಲಲಾ.”

ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಸಿದ್ದಪ್ಪ, “ಅಂವ ಬರೂದಿಲ್ಲ. ಅವನ ಪಾಲಿಂದೂ ನಾನ ಹೊರತೇನಿ” ಅಂದ.

ಅಲ್ಲಿಂದ ನಾನು ಒಂದೇ ಒಂದು ಜಾಣತನ ಮಾಡಿದೆ: ಎಲ್ಲ ತೀರ್ಮಾನ ಅವರಿಗೇ ಬಿಟ್ಟೆ. ಯಾವ ಮನೆ ಮೊದಲು, ಕಿಟಕಿ ಯಾವ ದಿಕ್ಕಿಗೆ, ಯಾರ ಜೊತೆ ಯಾರು, ಎಲ್ಲವನ್ನೂ ಅವರೇ ಕೂತು ಗೊತ್ತುಮಾಡಿದರು. ಒಂದೊಂದು ಗೋಡೆಗೆ ಓಣಿಗೊಬ್ಬರಂತೆ ಜೋಡಿ. ಗೋಡೆ ಸೊಟ್ಟಗಾದರೆ ಇಬ್ಬರೂ ಸೇರಿ ಕೆಡವಬೇಕು. ಮೊದಲ ವಾರ ನಾಲ್ಕು ಗೋಡೆ ಕೆಡವಿದರು. ಬೈಗುಳಕ್ಕಂತೂ ಲೆಕ್ಕವಿಲ್ಲ. ಮೇಲಿನ ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು ಸಿದ್ದಪ್ಪನಿಗೆ, “ಏನಪಾ, ಸತ್ತವರ ಮನಿ ಆಳಾಗಿ ಸೇರಿಯೇನು?” ಎಂದು ಕೇಳುತ್ತಿದ್ದರು. ಅವನು ಕಲ್ಲು ಹೊತ್ತು ಮುಂದೆ ಹೋಗುತ್ತಿದ್ದ. ಮೂರನೆಯ ತಿಂಗಳಿಗೆ ಹನ್ನೊಂದು ಮನೆಯೂ ನಿಂತವು. ಕೊನೆಯದು ಗಂಗವ್ವನದು. ಅದರ ಮುಂಭಾಗದ ಗೋಡೆಯನ್ನು ಯಲ್ಲಪ್ಪ, ಸಿದ್ದಪ್ಪ ಇಬ್ಬರೇ ಕಟ್ಟಿದರು.

ಗಂಗವ್ವ ಬರಲು ಒಪ್ಪಿದಳು. ಮನೆ ಹೊಗುವ ದಿನ ಗೊತ್ತಾಯಿತು. ಹೊಸ್ತಿಲು ಪೂಜೆಗೆ ಐದು ಜನ ಮುತ್ತೈದೆಯರು ಬೇಕು; ನಮ್ಮ ಕಡೆಯ ಪದ್ಧತಿ. ನನಗೆ ಉಪಾಯ ಹೊಳೆಯಿತು. ಐವರನ್ನೂ ಮೇಲಿನ ಓಣಿಯಿಂದಲೇ ಕರೆದರೆ? ಅದೂ ಆರೋಪಿಗಳ ಹೆಂಡಂದಿರನ್ನೇ? ಇದಕ್ಕಿಂತ ದೊಡ್ಡ ರಾಜಿ ಉಂಟೆ! ಐದು ಹೆಸರು ಚೀಟಿಯಲ್ಲಿ ಬರೆದು, ಯಾರನ್ನೂ ಕೇಳದೆ, ನಾನೇ ಮನೆಮನೆಗೆ ಹೋಗಿ ಕರೆದು ಬಂದೆ. ಸಾಹೇಬರಿಗೆ ಕಳಿಸುವ ವರದಿಯನ್ನೂ ಹಿಂದಿನ ದಿನವೇ ಬರೆದಿಟ್ಟೆ. ‘ಹೃದಯಸ್ಪರ್ಶಿ’ ಎಂಬ ಶಬ್ದ ಎರಡು ಸಲ ಬಂದಿತ್ತು.

ಬೆಳಗಿನ ಬಸ್ಸಿಗೆ ಗಂಗವ್ವ ಇಳಿದಳು. ತಲೆಯ ಮೇಲೆ ತಗಡಿನ ಟ್ರಂಕು, ಇರುವುದಕ್ಕೇ ಬಂದಿದ್ದಳು. ಮನೆಯ ಮುಂದೆ ಐವರು ಹಸಿರು ಬಳೆ ತೊಟ್ಟು ಸಾಲಾಗಿ ನಿಂತಿದ್ದರು. ಅವಳು ಹೊಸ್ತಿಲ ಹತ್ತಿರ ಬಂದಳು. ಆಗ ಸಿದ್ದಪ್ಪನ ತಾಯಿ, ಬಹಳ ಮೆತ್ತಗೆ, “ಗಂಗವ್ವ, ತುಸು ಆಕಡೆ ಸರಿಯವ್ವಾ. ಮುತ್ತೈದ್ಯಾರು ಒಳಗ ಹೋಗಲಿ” ಅಂದಳು.

ಗಂಗವ್ವ ಸರಿದಳು. ಅವಳ ಗಂಡನನ್ನು ಒಳಗೆ ಬಿಟ್ಟು ಚಿಲಕ ಹಾಕಿದವರ ಹೆಂಡಂದಿರು ಕುಂಕುಮ ಹಚ್ಚಿದರು, ಕಾಯಿ ಒಡೆದರು, ತುಂಬಿದ ಕೊಡ ಹಿಡಿದು ಒಬ್ಬೊಬ್ಬರಾಗಿ ಒಳಗೆ ಹೋದರು. ವಿಧವೆ ಗೋಡೆಗೆ ಒತ್ತಿ ನಿಂತು ನೋಡಿದಳು. ನಾನು ಚಪ್ಪಾಳೆ ತಟ್ಟಿದೆ. ಜೊತೆಗೆ ಯಾರೂ ತಟ್ಟಲಿಲ್ಲ.

“ಮನಿ ಚೊಲೋ ಆಗೇತಿ, ಸಾಹೇಬ್ರ” ಅಂದಳು ಗಂಗವ್ವ. “ಯಾರದ್ರಿ ಇದು?”

ಅದೇ ಬಸ್ಸು ತಿರುಗಿ ಬರುವಾಗ ಟ್ರಂಕಿನೊಡನೆ ಹತ್ತಿ ಹೋದಳು. ಯಲ್ಲಪ್ಪ ಹಿಂದೆ ಓಡಿದ, ಅವಳು ಇಳಿಯಲಿಲ್ಲ. ಊರು ಬಿಟ್ಟವರಲ್ಲಿ ಆರು ಮನೆಯವರು ಮತ್ತೆ ಬರಲೇ ಇಲ್ಲ. ಗಂಗವ್ವನ ಮನೆಯ ಆ ನೆಟ್ಟನೆಯ ಗೋಡೆಗಳ ನಡುವೆ ಮುಂದಿನ ವರ್ಷ ಮೇಲಿನ ಓಣಿಯವರು ಆಡು ಕಟ್ಟಿದ್ದರು.

ಗಂಗವ್ವ ಹೋದ ದಿನವೇ ಇಬ್ಬರೂ ಹುಡುಗರು ನನ್ನೆದುರು ಬಂದು ನಿಂತರು. ಯಲ್ಲಪ್ಪ ಕೇಳಿದ: “ಕಿಡಕಿ ಎಲ್ಲಿ ಇಡೂದು ನಮ್ಮನ್ನ ಕೇಳಿದ್ರಿ. ಇದನ್ಯಾಕ ಕೇಳಲಿಲ್ರಿ?”

“ಕೇಳಿದ್ರ ಏನಂತಿದ್ರಿ?”

ಸಿದ್ದಪ್ಪ ಹೇಳಿದ: “ಗಂಗವ್ವನ ಕಾಲ ಮೊದಲ ಒಳಗ ಬೀಳಬೇಕು ಅಂತ ನಾವು ಯಾವತ್ತೋ ಮಾತಾಡ್ಕೊಂಡಿದ್ವಿ. ಪದ್ಧತಿ ಏನರ ಆಗ್ಲಿ ಅಂತ. ನಮ್ಮವ್ವನ ಕಾಲಿಗೂ ಬಿದ್ದು ಒಪ್ಪಿಸ್ತಿದ್ದೆ.”

ಹುಡುಗರ ಕೈಗೆ ಊರು ಕೊಟ್ಟೆ ಎಂದು ಆಮೇಲೆ ಎಷ್ಟೋ ಸಭೆಗಳಲ್ಲಿ ನನ್ನನ್ನು ಹೊಗಳಿದ್ದಾರೆ. ಕೊಟ್ಟಿದ್ದು ಕಲ್ಲು ಮಣ್ಣು ಮಾತ್ರ. ಕೊಡುವುದೆಂದರೆ ಕೊನೆಯ ತೀರ್ಮಾನವನ್ನೂ ಕೊಡುವುದು ಎಂದು ಆ ನೌಕರಿ ನನಗೆ ಕಲಿಸಿತು, ಗಂಗವ್ವನ ಖರ್ಚಿನಲ್ಲಿ. ಕಲ್ಲು ಬೀಳಲಿಲ್ಲ. ಮಳೆ ಬರಲಿಲ್ಲ. ಯಾರ ಕಾಲೂ ಮುರಿಯಲಿಲ್ಲ. ನನ್ನನ್ನು ಯಾರೂ ಬಾವಿಗೆ ಹಾಕಲೂ ಇಲ್ಲ. ಐದು ಹೆಸರು ಬರೆದೆ, ಅಷ್ಟೇ.